ಕೈಪಿಡಿಯ ಆ ಸಾಲಿನ ಪಕ್ಕದಲ್ಲೇ ಒಂದು ಕೊಂಡಿ ಇರಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರ್ ಪರಿಸರ ದಿನದ ನೋಟಿಸ್ ಟೈಪ್ ಮಾಡುತ್ತಿದ್ದರು. ‘ರ‍್ಯಾಲಿ’ ಅಂತ ಬರೆಯಬೇಕು. ಎಷ್ಟು ಸಲ ಹೊಡೆದರೂ ‘ರ್ಯಾಲಿ’ ಅಂತಲೇ ಬೀಳುತ್ತಿತ್ತು. ರಕಾರ ಅರ್ಕಾವತ್ತಾಗಿ ಹಿಂದೆ ಹೋಗಿ ಕೂರುತ್ತಿತ್ತು. ಸೂರ್ಯನಿಗೆ, ಕಾರ್ಯಕ್ಕೆ ಅದೇ ಸರಿ. ರ‍್ಯಾಲಿಗೆ ಅಲ್ಲ.

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಉಬುಂಟು ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ಕಟ್ಟಿದ ಕೈಟ್ ಗ್ನೂ ಲಿನಕ್ಸ್. ನಮ್ಮ ಕಾಸರಗೋಡಿನ ಮಕ್ಕಳು ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಾರೆ ಅನ್ನುವುದು ನನಗೆ ಹೆಮ್ಮೆ. ಆದರೆ ಕನ್ನಡದಲ್ಲಿ ಎಲ್ಲೋ ಸಿಕ್ಕಿಕೊಂಡರೆ ಯಾರನ್ನು ಕೇಳುವುದು? ಪಕ್ಕದ ಮೇಜಿನ ಮಲಯಾಳಂ ಟೀಚರಿಗೆ ಅರ್ಕಾವತ್ತಿನ ಪರಿಚಯ ಇಲ್ಲ. ಮಂಗಳೂರಿನ ಗೆಳೆಯರು ಹೇಳುವ ವಿಂಡೋಸ್ ಉಪಾಯ ಇಲ್ಲಿ ನಡೆಯುವುದಿಲ್ಲ.

ನಾನೂ ಟೀಚರೂ ಕನ್ನಡ ಕೀಲಿಮಣೆ ತಂತ್ರಾಂಶದ ಕೈಪಿಡಿ ತೆಗೆದು ನೋಡಿದೆವು. ಕೀಲಿಗಳ ಚಿತ್ರ ಇತ್ತು, ಇನ್‌ಸ್ಟಾಲ್ ಮಾಡುವ ಕ್ರಮ ಇತ್ತು. ಅಷ್ಟೇ. ಅರ್ಧ ದಿನ ಹುಡುಕಿದ ಮೇಲೆ ಬಳಕೆದಾರರೇ ಬರೆದಿಟ್ಟ ಒಂದು ವಿಕಿ ಪುಟ ಸಿಕ್ಕಿತು. ‘ರ’ ಆದಮೇಲೆ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಡಿ (200d). ನೋಟಿಸ್ ಟೈಪ್ ಮಾಡುವ ಲಿಬ್ರೆಆಫೀಸ್‌ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿಮಣೆಗೆ ಬದಲಿಸಿ, ಆ ಸಂಖ್ಯೆ ಹೊಡೆದು, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಜೋಡಕ ಬರುತ್ತದೆ. ಆಮೇಲೆ ಕನ್ನಡಕ್ಕೆ ಮರಳಿ ಹಲಂತ, ಯಾ. ‘ರ‍್ಯಾಲಿ’ ಬಿತ್ತು! ಟೀಚರ್ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಉತ್ತರ ಮೊದಲಿನಿಂದಲೂ ಇತ್ತು. ಅದಕ್ಕೆ ದಾರಿ ಇರಲಿಲ್ಲ, ಅಲ್ವಾ? ಕೈಪಿಡಿಯಲ್ಲಿ ಒಂದೇ ಒಂದು ಕೊಂಡಿ ಇದ್ದಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು.

ವಿಕಿಯನ್ನು ಯಾರು ಬೇಕಾದರೂ ತಿದ್ದಬಹುದು, ನಂಬುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆರ್ಚ್ ಲಿನಕ್ಸ್ ಅನ್ನುವ ಇನ್ನೊಂದು ಲಿನಕ್ಸ್‌ನ ವಿಕಿಯನ್ನು ನೋಡಿ. ಆರ್ಚ್ ಬಳಸದವರೂ ಅದನ್ನು ಓದಿ ತಮ್ಮ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತಾರೆ. ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ ಅನ್ನು ತಿದ್ದುವ ಜೆಓಎಸ್‌ಎಂ ಎಡಿಟರ್‌ನಲ್ಲಿ ಒಂದು ಟ್ಯಾಗ್ (ಜಾಗದ ವಿವರ ಹೇಳುವ ಗುರುತು) ಅರ್ಥವಾಗದಿದ್ದರೆ, ಅಲ್ಲಿಂದಲೇ ಆ ಟ್ಯಾಗ್‌ನ ವಿಕಿ ಪುಟ ತೆರೆಯಬಹುದು. ಹುಡುಕುವ ಕೆಲಸವೇ ಇಲ್ಲ. ಕುಂಬಳೆಯ ಹೆಸರನ್ನು ಕನ್ನಡದಲ್ಲೂ ಮಲಯಾಳಂನಲ್ಲೂ ತುಳುವಿನಲ್ಲೂ ಬೇರೆ ಬೇರೆಯಾಗಿ ತುಂಬುವುದು ಹೇಗೆ ಅಂತ ನಾನು ಕಲಿತದ್ದು ಹಾಗೆಯೇ.

ಆದರೆ ಕೊಂಡಿ ಕೊನೆಯ ಪುಟದಲ್ಲಿ ಸುಮ್ನೆ ಬಿದ್ದಿದ್ದರೆ ಪ್ರಯೋಜನ ಇಲ್ಲ. ಓದುವವರು ಎಲ್ಲಿ ನಿಲ್ಲುತ್ತಾರೋ ಅಲ್ಲೇ, ಆ ಸಾಲಿನ ಪಕ್ಕದಲ್ಲೇ ಇರಬೇಕು. ವಿಕಿಯ ಮುಖಪುಟಕ್ಕಲ್ಲ, ಬೇಕಾದ ಪುಟಕ್ಕೇ ಹೋಗಬೇಕು. ತಂತ್ರಾಂಶದ ಯಾವ ಆವೃತ್ತಿಯಲ್ಲಿ ನೋಡಿದ್ದು ಅಂತಲೂ ಬರೆದಿದ್ದರೆ ಇನ್ನೂ ಒಳ್ಳೆಯದು.

ಆ ಕೀಲಿಮಣೆಯ ಕೈಪಿಡಿಗೆ ಒಂದು ಸಾಲು, ಒಂದು ಕೊಂಡಿ ಸೇರಿಸಿ ಅಂತ ಮೊನ್ನೆ ತಿದ್ದುಪಡಿ ಕಳಿಸಿದ್ದೇನೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡ ಟೀಚರುಗಳೇ, ನೀವು ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿಕೊಂಡಿರಿ ಅಂತ ಬರೆದು ತಿಳಿಸಿ. ಮುಂದಿನ ತಿದ್ದುಪಡಿಗಳನ್ನು ಒಟ್ಟಿಗೆ ಕೂತು ಕಳಿಸೋಣ.