ದಾದಾಭಾಯಿ ನವರೋಜಿ ಮೊದಲಿಗರಲ್ಲ, ನಾಮನಿರ್ದೇಶನಗೊಂಡವರೂ ಅಲ್ಲ

"ಬ್ರಿಟಿಷ್ ಪಾರ್ಲಿಮೆಂಟಿಗೆ ಹೋದ ಮೊದಲ ಭಾರತೀಯ ದಾದಾಭಾಯಿ ನವರೋಜಿ. ಬ್ರಿಟಿಷರೇ ಅವರನ್ನು ನಾಮನಿರ್ದೇಶನ ಮಾಡಿದರು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಎರಡೂ ಮಾತು ಸರಿಯಲ್ಲ.

ನವರೋಜಿಗಿಂತ ಮುಂಚೆ, 1841 ರಲ್ಲೇ, ಮೀರತ್ ಹತ್ತಿರದ ಸರ್ಧಾನಾದ ಡೈಸ್ ಸೋಂಬ್ರೆ ಸಡ್‌ಬರಿ ಕ್ಷೇತ್ರದಿಂದ ಗೆದ್ದಿದ್ದರು. ಅವರು ಸರ್ಧಾನಾದ ಆಡಳಿತಗಾರ್ತಿ ಬೇಗಂ ಸಮ್ರೂ ಅವರ ವಾರಸುದಾರ, ಭಾರತೀಯ-ಯುರೋಪಿಯನ್ ಮಿಶ್ರ ವಂಶದವರು. ಲಂಚದ ಆರೋಪದಿಂದ 1842 ರಲ್ಲಿ ಆ ಚುನಾವಣೆಯೇ ರದ್ದಾಯಿತು.

ನಾಮನಿರ್ದೇಶನದ ಮಾತು ನನಗೆ ಜಾಸ್ತಿ ನೋವು ಕೊಡುತ್ತದೆ. ನವರೋಜಿ 1886 ರಲ್ಲಿ ಲಂಡನ್ನಿನ ಹೋಲ್‌ಬರ್ನ್‌ನಲ್ಲಿ ಸೋತರು. 1888 ರಲ್ಲಿ ಬ್ರಿಟಿಷ್ ಪ್ರಧಾನಿ ಸಾಲಿಸ್‌ಬರಿ ಅವರನ್ನು "ಕರಿಯ" ಎಂದು ಕರೆದು, ಇಂಗ್ಲಿಷ್ ಮತದಾರರು ಅಂಥವರನ್ನು ಆರಿಸುತ್ತಾರಾ ಎಂದು ಕೇಳಿದರು. ಆದರೂ ಅವರು ಬಿಡಲಿಲ್ಲ. 1892 ರಲ್ಲಿ ಲಿಬರಲ್ ಪಕ್ಷದಿಂದ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಗೆದ್ದರು. ಮೊದಲ ಎಣಿಕೆಯಲ್ಲಿ ಅಂತರ ಬರೀ 5 ಮತ! ಮನೆಮನೆ ತಿರುಗಿ ಗಳಿಸಿದ ಗೆಲುವನ್ನು ಯಾರೋ ಕೊಟ್ಟ ಉಡುಗೊರೆ ಅನ್ನೋದು ತಪ್ಪಲ್ವಾ?

1895 ರಲ್ಲಿ ಅವರು ಸೋತರು. ಅದೇ ವರ್ಷ ಕನ್ಸರ್ವೇಟಿವ್ ಪಕ್ಷದಿಂದ ಇನ್ನೊಬ್ಬ ಭಾರತೀಯ ಮಂಚೇರ್ಜಿ ಭಾವನಗರಿ ಆರಿಸಿ ಬಂದರು.

ಸಂದೇಶ ಹಂಚಿಕೊಂಡಿದ್ದರೆ ಈ ಸ್ಪಷ್ಟನೆಯನ್ನೂ ಅದೇ ಗುಂಪಿಗೆ ಕಳಿಸಿ.