ಸಾಹೇಬರಿಗೆ ಮನವರಿಕೆಯಾಗಿದೆ

ನಮ್ಮಲ್ಲಿ ಅಧಿಕಾರಿಗಳಿಗೆ ಒಂದು ಸಂಗತಿಯನ್ನು ಮನವರಿಕೆ ಮಾಡಿಕೊಡುವುದು ಸುಲಭದ ಕೆಲಸವಲ್ಲ. ತಂದೆಯವರು ತೀರಿಕೊಂಡ ಮೇಲೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ನಾನು ಪೌತಿ ಖಾತೆಗೆ ಅರ್ಜಿ ಹಾಕಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಹಣಿ ಎಲ್ಲವನ್ನೂ ಲಗತ್ತಿಸಿದ್ದರೂ, ವಂಶವೃಕ್ಷದಲ್ಲಿ ಅವರ ಹೆಸರು ‘ಪ್ಪ’ ಎಂದು ಮುಗಿದು ಪಹಣಿಯಲ್ಲಿ ‘ಯ್ಯ’ ಎಂದು ಮುಗಿಯುವುದರಿಂದ, ಈ ಇಬ್ಬರೂ ಒಬ್ಬರೇ ಎಂಬುದು ಸಾಹೇಬರಿಗೆ ಮನವರಿಕೆಯಾಗಿಲ್ಲವೆಂದು ಕಡತವನ್ನು ಏಳು ತಿಂಗಳಿಂದ ಕೆಳಗಿಟ್ಟಿದ್ದಾರೆ. ಇಷ್ಟು ಎಚ್ಚರಿಕೆಯ ಆಡಳಿತಕ್ಕೆ, ಒಬ್ಬ ಮನುಷ್ಯ ಮುಂದೆಂದೋ ಏನನ್ನೋ ಮಾಡಬಹುದು ಎಂಬುದು ಮಾತ್ರ ಸಾಕ್ಷಿ, ವಕೀಲ, ವಿಚಾರಣೆ ಯಾವುದರ ಹಂಗೂ ಇಲ್ಲದೆ ಥಟ್ಟನೆ ಮನವರಿಕೆಯಾಗುತ್ತದೆ. ಮುಂಜಾಗ್ರತಾ ಬಂಧನದ ಕಾನೂನುಗಳೆಲ್ಲ ನಿಂತಿರುವುದು ಈ ಮನವರಿಕೆಯೊಂದರ ಮೇಲೆಯೇ.

ಸಂವಿಧಾನದ 22ನೇ ವಿಧಿಯನ್ನು ಓದುತ್ತಾ ಹೋದರೆ ಮದುವೆ ಊಟಕ್ಕೆ ಕೂರಿಸಿ, ಎಲೆ ಹಾಕಿ, ಉಪ್ಪು ಬಡಿಸಿ, ಅನ್ನ ಬರುವ ಹೊತ್ತಿಗೆ ಎಬ್ಬಿಸಿ ಕಳುಹಿಸಿದಂತಾಗುತ್ತದೆ. ಮೊದಲೆರಡು ಖಂಡಗಳಲ್ಲಿ ಬಂಧಿತನಿಗೆ ವಕೀಲರ ನೆರವುಂಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ದರ್ಶನವುಂಟು. ಮೂರನೆಯದರಲ್ಲಿ, ಮುಂಜಾಗ್ರತೆಗಾಗಿ ಹಿಡಿದವರಿಗೆ ಇವೆರಡೂ ಅನ್ವಯಿಸುವುದಿಲ್ಲ. 1919ರಲ್ಲಿ, ವಿಚಾರಣೆಯಿಲ್ಲದೆ ಸೆರೆಗೆ ತಳ್ಳಲು ಬ್ರಿಟಿಷರು ತಂದ ರೌಲತ್ ಕಾಯ್ದೆಯನ್ನು ‘ವಕೀಲ್ ಇಲ್ಲ, ದಲೀಲ್ (ವಾದ) ಇಲ್ಲ, ಅಪೀಲ್ ಇಲ್ಲ’ ಎಂದು ಹಳಿದು ಬೀದಿಗಿಳಿದಿದ್ದವರೇ ಸ್ವಂತ ಸಂವಿಧಾನ ಜಾರಿಗೆ ಬಂದು ತಿಂಗಳು ತುಂಬುವಷ್ಟರಲ್ಲಿ ಮುಂಜಾಗ್ರತಾ ಬಂಧನ ಕಾಯ್ದೆಯನ್ನು ತಂದರು. ಒಂದೇ ವರ್ಷದ ಮಟ್ಟಿಗೆ ಎಂದು 1950ರಲ್ಲಿ ಬಂದ ಆ ಅತಿಥಿ 1969ರ ಕೊನೆಯವರೆಗೂ ಚಾಪೆ ಸುತ್ತಲಿಲ್ಲ. ಎರಡೇ ವರ್ಷಕ್ಕೆ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, ಅಂದರೆ ಮೀಸಾ, ಬಂತು. ಅದನ್ನು ಜನತಾ ಸರ್ಕಾರ ರದ್ದುಮಾಡಿದರೆ, 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು.

ಇಂಥ ಬಂಧನದಲ್ಲಿರುವವರ ಬಗ್ಗೆ ಮರುಕಪಡುವವರು ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಕೊಟ್ಟ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು. ತುರ್ತುಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ಐವರಲ್ಲಿ ನಾಲ್ವರು ಒಪ್ಪಿದ ಆ ತೀರ್ಪಿನಲ್ಲಿ, ಸರ್ಕಾರ ಬಂಧಿತರಿಗೆ ತೋರುತ್ತಿರುವ ಆರೈಕೆ ಬಹುಮಟ್ಟಿಗೆ ತಾಯಿಯ ಆರೈಕೆಯಂಥದ್ದು ಎಂದು ನ್ಯಾಯಮೂರ್ತಿ ಎಂ.ಎಚ್. ಬೇಗ್ ಬರೆದರು. ಕೆಲವೇ ದಿನಗಳಲ್ಲಿ ಆ ತಾಯಿ ಮಡಿಲು ನಟಿ ಸ್ನೇಹಲತಾ ರೆಡ್ಡಿಯವರಿಗೂ ದೊರೆಯಿತು. ಅಸ್ತಮಾದಿಂದ ನರಳುತ್ತಿದ್ದ ಅವರನ್ನು ಮೀಸಾ ಅಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು. ಮನೆಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದೇ ಜನವರಿಯಲ್ಲಿ, ಭಿನ್ನಮತ ಬರೆದಿದ್ದ ಎಚ್.ಆರ್. ಖನ್ನಾ ಅವರ ಹಿರಿತನವನ್ನು ದಾಟಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟಿಗೆ ಮನವರಿಕೆಯಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. 41 ವರ್ಷ! ನನ್ನ ಏಳು ತಿಂಗಳನ್ನು ಇನ್ನು ಮೇಲೆ ಎತ್ತಿ ಆಡಬಾರದು.

‘ಕೆಟ್ಟವರ ಮೇಲೆ ಮಾತ್ರ ಪ್ರಯೋಗಿಸುತ್ತೇವೆ, ನಂಬಿ’ ಎಂದು ಪ್ರತಿ ಸರ್ಕಾರವೂ ಹೇಳುತ್ತದೆ. ಹಾಗೆ ನಂಬಿಸಿದವರ ವಂಶವೃಕ್ಷವನ್ನೂ ಒಮ್ಮೆ ಪರಿಶೀಲಿಸಬಹುದು. 1953ರಲ್ಲಿ ಅಧಿಕಾರದಿಂದ ಇಳಿಸಲ್ಪಟ್ಟು ಒಂದೂ ಶಿಕ್ಷೆಯ ತೀರ್ಪಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿ ಕಳೆದ ಶೇಖ್ ಅಬ್ದುಲ್ಲಾ ಅವರೇ ಮರಳಿ ಅಧಿಕಾರಕ್ಕೆ ಬಂದು ಮುಖ್ಯಮಂತ್ರಿಯಾದಾಗ, ಮರಗಳ್ಳರನ್ನು ಮಟ್ಟಹಾಕಲೆಂದು 1978ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಾರ್ವಜನಿಕ ಸುರಕ್ಷತಾ ಕಾಯ್ದೆಯನ್ನು ತಂದರು. ಎರಡು ವರ್ಷದವರೆಗೂ ವಿಚಾರಣೆಯಿಲ್ಲದೆ ಇಡಬಹುದಾದ ಆ ಕಾಯ್ದೆಯಡಿ, ಕೋರ್ಟು ಒಂದು ಆದೇಶವನ್ನು ರದ್ದುಮಾಡಿದರೆ ಇನ್ನೊಂದು ಆದೇಶ ಜೈಲಿನ ಗೇಟಿನಲ್ಲೇ ಕಾದಿರುವುದು ಆ ಕಡೆ ವಾಡಿಕೆಯಾಯಿತು. 2019ರ ಸೆಪ್ಟೆಂಬರಿನಲ್ಲಿ ಅದೇ ಕಾಯ್ದೆ 81 ವರ್ಷದ ಮಗ ಫಾರೂಕ್ ಅವರನ್ನೂ, 2020ರ ಫೆಬ್ರವರಿಯಲ್ಲಿ ಮೊಮ್ಮಗ ಒಮರ್ ಅವರನ್ನೂ ಹಿಡಿಯಿತು. ಅಪ್ಪ ನೆಟ್ಟ ಆಲದ ಮರ ಎಂಬ ಗಾದೆ ನಮ್ಮದು. ಅಲ್ಲಿನದು ದೇವದಾರು ಇರಬೇಕು. ತಾವು ಮುಖ್ಯಮಂತ್ರಿಗಳಾಗಿದ್ದಾಗ ಫಾರೂಕ್ ಅವರಿಗಾಗಲಿ ಒಮರ್ ಅವರಿಗಾಗಲಿ ಈ ಕಾಯ್ದೆಯಲ್ಲಿ ರದ್ದುಪಡಿಸುವಂಥ ದೋಷ ಕಂಡಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಒಮರ್ ಅವರ ಮೇಲಿನ ಕಡತದಲ್ಲಿದ್ದ ಒಂದು ಕಾರಣವಂತೂ ಕಟ್ಟುಹಾಕಿಸಿ ಇಡುವಂಥದ್ದು: ಉಗ್ರವಾದ ಉತ್ತುಂಗದಲ್ಲಿದ್ದಾಗಲೂ, ಬಹಿಷ್ಕಾರದ ಕರೆಗಳಿದ್ದಾಗಲೂ, ಇವರು ಜನರ ಮನವೊಲಿಸಿ ಭಾರೀ ಸಂಖ್ಯೆಯಲ್ಲಿ ಮತ ಹಾಕಿಸಬಲ್ಲವರು, ಆದ್ದರಿಂದ ಅಪಾಯಕಾರಿ. ಅಂದರೆ ಮತದಾನ ಜಾಗೃತಿಗೆಂದು ಊರೂರಿಗೆ ಜಾಥಾ ಕಳುಹಿಸುವ ಚುನಾವಣಾ ಆಯೋಗದವರು ಇನ್ನು ಮುಂದೆ ಹುಷಾರಾಗಿರಬೇಕು.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಪತ್ರಿಕೆಗಳು ಜಾಗ ಉಳಿಸಲು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಯ ಪೂರ್ತಿ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲ ವಕೀಲರನ್ನು ನಾನಿನ್ನೂ ಕಂಡಿಲ್ಲ. ಕಳ್ಳಭಟ್ಟಿಯವರಿಂದ ಹೊರಟು ಜೂಜುಕೋರರು, ಗೂಂಡಾಗಳು, ಕೊಳೆಗೇರಿ ಕಬಳಿಸುವವರು ಎಂದು ಅದು ಸಾಗುತ್ತದೆ. 2014ರ ತಿದ್ದುಪಡಿಯಲ್ಲಿ ಆ ಹೆಸರಿಗೆ ಡಿಜಿಟಲ್ ಅಪರಾಧಿಗಳೂ ಪರಿಸರ ಹಾಳುಮಾಡುವವರೂ ಸೇರಿಕೊಂಡರು. ಇವರೆಲ್ಲರಿಗೂ ಬೇರೆ ಕಾನೂನುಗಳಿವೆ, ಕೋರ್ಟುಗಳಿವೆ. ಆದರೆ ಅಲ್ಲಿ ಆರೋಪವನ್ನು ಸಾಬೀತುಪಡಿಸಬೇಕೆಂಬ ಒಂದು ತೊಡಕಿದೆ. ಹೆಸರು ಹೀಗೆಯೇ ಬೆಳೆದರೆ ಮುಂದಿನ ತಿದ್ದುಪಡಿಯಲ್ಲಿ ಅಂಕಣಕಾರರಿಗೂ ಒಂದು ಜಾಗ ಸಿಗಬಹುದೆಂಬ ಆಸೆ ನನಗಿದೆ.

ಆಸೆಗೆ ಕಾರಣವುಂಟು. ಬಂಧನದ ಆದೇಶದಲ್ಲಿ ತಂದೆಯ ಹೆಸರನ್ನೂ ಬರೆಯಬೇಕಲ್ಲವೇ? ಆ ದಿನ ‘ಪ್ಪ’ ಎಂದಿರಲಿ, ‘ಯ್ಯ’ ಎಂದಿರಲಿ, ಇಬ್ಬರೂ ಒಬ್ಬರೇ ಎಂಬುದು ಸಾಹೇಬರಿಗೆ ಕ್ಷಣಮಾತ್ರದಲ್ಲಿ ಮನವರಿಕೆಯಾಗಿ ಸಹಿ ಬೀಳುತ್ತದೆ. ಆ ಆದೇಶದ ಒಂದು ದೃಢೀಕೃತ ನಕಲನ್ನು ಪಡೆದು, ಮನೆಯವರ ಕೈಯಲ್ಲಿ ಪೌತಿ ಖಾತೆಯ ಅರ್ಜಿಗೆ ಲಗತ್ತಿಸಲು ಕಳುಹಿಸಿಕೊಡುತ್ತೇನೆ.