ರೈಟ್ ರೈಟ್, ಹೋಲ್ಡಾನ್!

ಆರಾಮಾಗಿ ಹೋಗೋಣ ಅಂತಲೇ ಹೊರಟಿದ್ದೆವು. ಅಲಾಸ್ಕಾ ಹೈವೇ, 25 ಅಡಿಯ ಬಾಡಿಗೆ ಆರ್‌ವಿ (ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ), ಜೂನ್ ತಿಂಗಳು, ನಾವಿಬ್ಬರೇ. ಕೆನಡಾದ ಡಾಸನ್ ಕ್ರೀಕ್‌ನಲ್ಲಿ ಸೊನ್ನೆ ಮೈಲಿಯ ಕಂಬದ ಮುಂದೆ ಫೋಟೊ ಆಯಿತು. 1942ರಲ್ಲಿ ಅಮೆರಿಕದ ಸೈನ್ಯ ಸುಮಾರು ಎಂಟು ತಿಂಗಳಲ್ಲಿ ಕಾಡು ಕಡಿದು ಮಾಡಿದ ದಾರಿ ಇದು. ಅದನ್ನು ಓದಿ ನನ್ನ ಹೆಂಡತಿ, "ಮನೆ ಸಿಂಕ್ ರಿಪೇರಿಗೆ ನೀವೂ ಅಷ್ಟೇ ತಗೊಂಡ್ರಿ" ಅಂದಳು.

ಅವಳ ಅಪ್ಪ ಅರಸೀಕೆರೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಹಾಗಾಗಿ ನಾನು ರಿವರ್ಸ್ ತೆಗೆಯುವಾಗ ಅವಳು ಇಳಿದು, ಗಾಡಿಯ ಬೆನ್ನಿಗೆ ಎರಡು ಬಡಿದು, "ರೈಟ್ ರೈಟ್" ಅನ್ನುತ್ತಾಳೆ. ಗಾಡಿ ಯಾವುದಕ್ಕಾದರೂ ತಾಗಿದ ಮೇಲೆ "ಹೋಲ್ಡಾನ್" ಅನ್ನುತ್ತಾಳೆ.

ಮೊದಲ ಬ್ರೇಕಿಗೇ ಮೇಲಿನ ಕಪಾಟು ಬಾಯಿ ಬಿಟ್ಟಿತು. ಚಿಲಕ ಹಾಕಿರಲಿಲ್ಲ. (ಯಾರು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.) ಸಾರಿನ ಪುಡಿ ಡಬ್ಬ ನೆಲಕ್ಕೆ. ಇದು ಕರಡಿಗಳ ನಾಡು, ಊಟದ ಸಾಮಾನು ಹೊರಗಿಡಬೇಡಿ, ವಾಸನೆಗೆ ಬರುತ್ತವೆ ಅಂತ ಕ್ಯಾಂಪಿನಲ್ಲೆಲ್ಲ ಬೋರ್ಡು. ನಮ್ಮ ಗಾಡಿಯೇ ದೊಡ್ಡ ಸಾರಿನ ಡಬ್ಬ.

ಫೋರ್ಟ್ ನೆಲ್ಸನ್‌ನಲ್ಲಿ ಇಡ್ಲಿ. ರಾತ್ರಿ ಹತ್ತಾದರೂ ಬೆಳಕು, ಹಿಟ್ಟು ಮಾತ್ರ ಚೆನ್ನಾಗಿ ಹುದುಗಿತ್ತು. ಆದರೆ ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿರಲಿಲ್ಲ. ಇಡ್ಲಿಗಳು ಒಂದು ಕಡೆ ದಪ್ಪ, ಒಂದು ಕಡೆ ದೋಸೆ.

ಮಾರನೆಯ ಬೆಳಗ್ಗೆ ಸ್ಯಾನಿ ಡಂಪ್, ಅಂದರೆ ಗಾಡಿಯ ಕೊಳೆನೀರನ್ನು ಗುಂಡಿಗೆ ಖಾಲಿ ಮಾಡುವ ಜಾಗ. ಆರ್‌ವಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕ್ ಇರುತ್ತವೆ. ಒಂದು ಬಚ್ಚಲು, ಸಿಂಕಿನ ನೀರಿಗೆ, ಇನ್ನೊಂದು... ಇನ್ನೊಂದಕ್ಕೆ. ಮೊದಲು ಆ ಇನ್ನೊಂದನ್ನು ಖಾಲಿ ಮಾಡಬೇಕು. ಆಮೇಲೆ ಬಚ್ಚಲ ನೀರು ಬಿಟ್ಟರೆ ಪೈಪು ತೊಳೆದುಹೋಗುತ್ತದೆ. ಬಾಡಿಗೆ ಕೊಟ್ಟವನು ಮೂರು ಸಲ ಹೇಳಿದ್ದ. ನಾನು ಮೂರು ಸಲವೂ ತಲೆಯಾಡಿಸಿದ್ದೆ. ಕಷ್ಟದ್ದು ಕೊನೆಗಿರಲಿ ಅಂತ ಬಚ್ಚಲದ್ದನ್ನೇ ಮೊದಲು ಬಿಟ್ಟೆ. ಎಲ್ಲ ಸಲೀಸು. ಧೈರ್ಯ ಬಂತು. ಎರಡನೆಯ ವಾಲ್ವ್ ಎಳೆದೆ. ಗುಂಡಿಗೆ ಸರಿಯಾಗಿ ಸಿಕ್ಕಿಸದ ಪೈಪು ಹಾವಿನ ಹಾಗೆ ಹೆಡೆ ಎತ್ತಿತು. ಹಿಂದೆ ಮೂರು ಗಾಡಿ ಕ್ಯೂ. ಅದರಲ್ಲಿದ್ದ ಅಜ್ಜ ಒಬ್ಬರು ತುಂಬಾ ಮರ್ಯಾದೆಯಿಂದ ಗಾಜು ಏರಿಸಿಕೊಂಡರು. "ರೀ, ಶೂ!" ಅಂದಳು ಇವಳು. ಆ ಶೂ ಮುಂದೆ ಬರುವ ಯೂಕಾನ್ ಪ್ರದೇಶವನ್ನು ನೋಡಲಿಲ್ಲ.

ಆಮೇಲೆ ಮಂಚೋ ಸರೋವರದ ಹಸಿರು ನೀಲಿ ನೀರು. ಅದರ ಬಗ್ಗೆ ಏನೂ ಬರೆಯಲಾರೆ, ಅಲ್ಲಿ ಒಂದು ಗಂಟೆ ಇಬ್ಬರೂ ಜಗಳವಾಡಲಿಲ್ಲ. ಲಿಯಾರ್ಡ್ ನದಿಯ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಹೊರಟರೆ ರಸ್ತೆಗೆ ಅಡ್ಡ ಕಾಡೆಮ್ಮೆ. ಬೈಸನ್ ಅಂತಾರೆ. ಹತ್ತಿರ ಹತ್ತಿರ ಒಂದು ಟನ್ ತೂಕ, ಅವಸರ ಅನ್ನೋದೇ ಇಲ್ಲ. ನಿಜವಾಗಿ ಆರಾಮಾಗಿ ಪ್ರವಾಸ ಮಾಡುತ್ತಿದ್ದದ್ದು ಅದೊಂದೇ. ಇವಳು ಕಿಟಕಿಯೊಳಗಿಂದಲೇ ಕೈಮುಗಿದು, "ಬಸವಣ್ಣ, ರೈಟ್ ರೈಟ್" ಅಂದಳು. ಇಪ್ಪತ್ತು ನಿಮಿಷದ ಮೇಲೆ ಅದು ಒಪ್ಪಿತು.

ಯೂಕಾನ್‌ನ ವಾಟ್ಸನ್ ಲೇಕ್‌ನಲ್ಲಿ ಊರಿನ ಬೋರ್ಡುಗಳದ್ದೇ ಒಂದು ಕಾಡಿದೆ. ರಸ್ತೆ ಮಾಡಲು ಬಂದಿದ್ದ ಕಾರ್ಲ್ ಲಿಂಡ್ಲಿ ಅನ್ನುವ ಸೈನಿಕ ಮನೆ ನೆನಪಾಗಿ, ಇಲಿನಾಯ್ ರಾಜ್ಯದ ತನ್ನ ಡ್ಯಾನ್‌ವಿಲ್ ಊರಿನ ಹೆಸರು ಬರೆದು ನೆಟ್ಟನಂತೆ. ಈಗ 80,000ಕ್ಕೂ ಹೆಚ್ಚು ಬೋರ್ಡುಗಳಿವೆ. ಇವಳು ಸ್ಟೀಲ್ ತಟ್ಟೆಯೊಂದನ್ನು ತಂದಿದ್ದಳು. ಅದರ ಮೇಲೆ ಮಾರ್ಕರ್‌ನಲ್ಲಿ ದುಂಡಗೆ ಬರೆದಳು: "ಅರಸೀಕೆರೆ – ತಿಪಟೂರು". ಅವರಪ್ಪನ ರೂಟು. ಸುತ್ತಿಗೆ ಇರಲಿಲ್ಲ, ಶುಂಠಿ ಜಜ್ಜುವ ಕುಟ್ಟಾಣಿಯಲ್ಲಿ ಮೊಳೆ ಹೊಡೆದೆ. ತಟ್ಟೆ ಸ್ವಲ್ಪ ವಾರೆಯಾಯಿತು. ನಮ್ಮ ಇಡ್ಲಿಯಷ್ಟೇ.

"ಫೋಟೊ ತೆಗೀರಿ. ಅಪ್ಪನಿಗೆ ಕಳಿಸ್ತೀನಿ." ಕಣ್ಣು ಒರೆಸಿಕೊಂಡು ತಟ್ಟೆ ಪಕ್ಕ ನಿಂತಳು. "ಇನ್ನೂ ಹಿಂದೆ ಹೋಗಿ, ಎರಡೂ ಊರು ಬರಲಿ. ರೈಟ್... ರೈಟ್..."

ಹಿಂದೆ ಹೋದೆ. ಜರ್ಮನಿಯ ಯಾವುದೋ ಊರು ತಲೆಗೆ ಠಣ್ ಅಂತ ಬಡಿಯಿತು.

"ಹೋಲ್ಡಾನ್!" ಅಂದಳು.